ಅಪ್ಪನನ್ನು ಕೂರಿಸಿದ ಗೋಡೆ

ಗೆಳೆಯರೇ, ಇವತ್ತು ನನ್ನ ಮನೆಯಲ್ಲೇ ನನಗೆ ಕೂರಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ.

ಓಟದ ಪಂದ್ಯ ಹತ್ತಿರ ಬಂದಿದೆ. ಬೆಳಿಗ್ಗೆ ಟಾಂಗಾಗಳ ಧೂಳು ಕುಡಿಯುತ್ತ ಧಾರವಾಡ ಮುಟ್ಟಿ, ಮತ್ತೆ ಹುಬ್ಬಳ್ಳಿಗೆ ಓಡಿ ಬಂದೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಪದ್ಮಾಸನದಲ್ಲಿ ಕೂತೆ. ಯೋಗದ ಮಾಸ್ತರರು ಹೇಳಿದಂತೆ ಕಣ್ಣು ಮುಚ್ಚಿ ಉಸಿರನ್ನು ನಿಧಾನ ಮಾಡಿದೆ.

ಅವ್ವ ಚೀರಿದಳು. ಕೈಯಲ್ಲಿದ್ದ ಹಾಲಿನ ತಂಬಿಗೆ ಕೆಳಗೆ ಬಿತ್ತು.

"ಹಂಗ ಕುಂದ್ರಬ್ಯಾಡೋ! ನಿಮ್ಮಪ್ಪನ್ನ ಇದ ಗ್ವಾಡಿಗಿ ಹಿಂಗ ಕುಂದ್ರಿಸಿದ್ವಿ."

ನಮ್ಮವರು ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ನನಗದು ಹೊಳೆದೇ ಇರಲಿಲ್ಲ.

"ಕಾಲ ಚಾಚಿ ಮಲ್ಕೊ ತಮ್ಮಾ" ಎಂದಳು. ಮಲಗಿದೆ. ಮಾಸ್ತರರು ಅದನ್ನು ಶವಾಸನ ಎನ್ನುತ್ತಾರೆಂದು ಹೇಳಲಿಲ್ಲ. ಅವ್ವ ಸಮಾಧಾನಗೊಂಡು, ಒಗೆದ ಬಿಳಿ ಧೋತರ ಹೊದಿಸಿದಳು.

ಅಷ್ಟರಲ್ಲಿ ಅಪ್ಪನ ಗೆಳೆಯರಾದ ಸೈಕಲ್ ರಿಪೇರಿಯ ಮೌಲಾಸಾಬ್ ಕಾಕಾ ನನ್ನ ಓಟ ಹೇಗಾಯಿತೆಂದು ಕೇಳಲು ಬಂದರು. ಹೊಸ್ತಿಲಲ್ಲೇ ನಿಂತುಬಿಟ್ಟರು. ಆಮೇಲೆ ಒಳಗೆ ಬಂದು ಧೋತರ ಎಳೆದು ಹಾಕಿದರು.

"ಏಳಪಾ, ಏಳು. ನನ್ನ ಮಗನ್ನ ಹಿಂಗ ಮಲಗಿಸಿ, ಬಿಳೀ ಅರಬಿ ಹೊಚ್ಚಿ ಮಣ್ಣಿಗೆ ಕಳಿಸೇನಿ. ನನಗ ನೋಡಾಕ ಆಗೂದಿಲ್ಲ."

ಎದ್ದು ನಿಂತೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಇವರ ಕಣ್ಣಿಗೆ ನಾನು ಬದುಕಿರುವಂತೆ ಕಾಣಬೇಕಾದರೆ ಇನ್ನು ಓಡುತ್ತಲೇ ಇರಬೇಕು.