ಸತುರ್ನಿನಾಳ ನಲವತ್ತು ಟೋಪಿಗಳು

ಲಾ ಪಾಸ್‌ನ ನಮ್ಮ ಇಳಿಜಾರು ಬೀದಿಯಲ್ಲಿ ಸತುರ್ನಿನಾ ಕೆಂಟಾ ಮುಟ್ಟದ ತಲೆಯಿಲ್ಲ. ಮೂವತ್ತು ವರ್ಷದಿಂದ ಹೆಂಗಸರ ದುಂಡು ಟೋಪಿಗಳಿಗೆ ಆವಿ ಹಿಡಿದು, ಮರದ ಅಚ್ಚಿಗೇರಿಸಿ ಸರಿಮಾಡುತ್ತಾಳೆ. ಮದುವೆಯಾದವಳಿಗೆ ನೆಟ್ಟಗೆ, ಆಗದವಳಿಗೆ ಓರೆಯಾಗಿ, ತಾನೇ ಕೂರಿಸಿ ಕಳಿಸುತ್ತಾಳೆ. ನನ್ನ ಮಗುವಿನ ಮೊದಲ ಕೂದಲು ಕತ್ತರಿಸಿದ ಧರ್ಮತಾಯಿಯೂ ಅವಳೇ. ಹಾಗಾಗಿ ಅವಳನ್ನು ನೋಡಿ ನಗುವಾಗ ನಾನು ಸ್ವಲ್ಪ ಮೆತ್ತಗೆ ನಗಬೇಕು.

ಸ್ಪೇನಿನ ರಾಜನ ಕಾಲದಲ್ಲಿ ನಮ್ಮೂರಿಗೆ ಬಿದ್ದ ಮುತ್ತಿಗೆಯ ಕಥೆಯನ್ನು ಟಿವಿಯವರು ನಾಟಕ ಮಾಡಿದ್ದರು. ಟೋಪಿಗಳೆಲ್ಲ ಇವಳವು. ನಾಟಕ ಮುಗಿದಮೇಲೆ ತೋರಿಸುವ ಹೆಸರುಗಳ ಪಟ್ಟಿಯಲ್ಲಿ ತನ್ನದೂ ಬರುತ್ತದೆಂದು ಬೀದಿಗೆಲ್ಲ ಸಾರಿದ್ದಳು. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ನೋಡಿದೆವು: ಅವಳು, ನಾನು, ಆಲೂಗಡ್ಡೆ ಮಾರುವ ಗುಮರ್ಸಿಂದಾ. ಮಗು ನನ್ನ ಮೊಲೆ ಕಚ್ಚಿಕೊಂಡಿತ್ತು. ಗುಮರ್ಸಿಂದಾ ನಾಟಕವನ್ನು ಕಚ್ಚಿಕೊಂಡಳು.

“ಊರೆಲ್ಲ ಚರ್ಮ ಬೇಯಿಸಿ ತಿಂತಿದೆ, ಈ ನಾಯಕಿ ಕೆನ್ನೆ ನೋಡೇ! ಕುದುರೆ ಬೇರೆ. ಅದನ್ನ ಇನ್ನೂ ಯಾರೂ ತಿಂದಿಲ್ವಾ?”

“ಸುಮ್ನೆ ನೋಡೇ,” ಎಂದಳು ಸತುರ್ನಿನಾ.

“ಮದುವೆ ಆಗದವಳಿಗೆ ಟೋಪಿ ಯಾಕೆ ನೆಟ್ಟಗಿದೆ? ಗಂಡನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ದಾಳಾ?”

“ಓರೆ ಇಟ್ರೆ ಕುದುರೆ ಓಡುವಾಗ ಬೀಳುತ್ತಂತೆ.”

“ಅದಿರಲಿ ಸತೂ, ಈ ಟೋಪಿ ನಮ್ಮೂರಿಗೆ ಬಂದದ್ದೇ ರೈಲು ಬಂದಮೇಲೆ ಅಂತ ನೀನೇ ಹೇಳ್ತಿದ್ದೆಯಲ್ಲ?”

“ಶ್! ಹೆಸರುಗಳು ಬಂದ್ವು.”

ಸತುರ್ನಿನಾಳದು ನಿಧಾನದ ಓದು, ನಾನೇ ಓದಿದೆ. ದರ್ಜಿಗಳು ಹೋದರು, ಅಡುಗೆಯವರು ಹೋದರು, ಕುದುರೆ ಮೇಯಿಸಿದವನೂ ಹೋದ. ಅವಳು ಲಂಗದ ನೆರಿಗೆಯನ್ನು ಹಿಂಡುತ್ತಿದ್ದಳು. ಕೊನೆಗೆ ಬಂತು.

“ಇತಿಹಾಸ ಸಲಹೆ, ಸತುರ್ನಿನಾ ಕೆಂಟಾ.”

ಗುಮರ್ಸಿಂದಾ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. “ಈ ಅವಾಂತರಕ್ಕೆಲ್ಲ ನೀನೇ ಗುರುವಾ ಮಾರಾಯ್ತಿ!”

“ಆ ಕಾಲದಲ್ಲಿ ಈ ಟೋಪಿ ಇರಲಿಲ್ಲ ಅಂತ ಟಿವಿಯವರಿಗೆ ಹೇಳಿದ್ದೆ ಕಣೇ! ಬೇಕಾದ್ರೆ ಇವಳನ್ನ ಕೇಳು.”

ಹೇಳಿದ್ದು ನಿಜ. ಅವರು ಟೋಪಿ ಕೇಳಲು ಬಂದಾಗ ನಾನೂ ಅಲ್ಲೇ ಇದ್ದೆ.

“ಹೇಳಿ ಆಮೇಲೆ ನಲವತ್ತು ಟೋಪಿ ಯಾಕೆ ಕೊಟ್ಟೆ?”

“ಹೆಸರು ಹಾಕ್ತೀವಿ ಅಂದ್ರಲ್ಲೇ!”

ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಗುವಿನ ಕೆನ್ನೆಗೆ ಮುತ್ತಿಟ್ಟು ಎದ್ದವಳು ಬಾಗಿಲಲ್ಲಿ ನಿಂತು ಹೇಳಿದಳು: “ಯಾರಾದ್ರೂ ಕೇಳಿದ್ರೆ, ಅದು ಬೇರೆ ಯಾರೋ ಸತುರ್ನಿನಾ ಕೆಂಟಾ ಅನ್ನಬೇಕು. ಇಬ್ಬರೂ.”

“ಆಯ್ತು,” ಎಂದೆ ನಾನು.

ಗುಮರ್ಸಿಂದಾ ಇನ್ನೂ ನಕ್ಕ ಕಣ್ಣೀರು ಒರೆಸಿಕೊಳ್ಳುತ್ತಲೇ ಇದ್ದಳು. ಬೀದಿಯವರೆಲ್ಲ ಹಾದುಹೋಗುವ ತಿರುವಿನಲ್ಲಿ ಬೆಳಗಾದರೆ ಮೊದಲು ಅಂಗಡಿ ಹರಡುವವಳು ಅವಳೇ.