ಕೆಟ್ಟ ಮೀಟರ್‌ಗಳನ್ನು ಎಣಿಸುವ ಅಲಮೇಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮಾಕಳಿಯ ಗುಜರಿ ಅಂಗಳವೊಂದರಲ್ಲಿ ಐವತ್ತಾರು ವರ್ಷದ ಅಲಮೇಲು ಗೋಣಿಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿ ಕುಳಿತಿದ್ದಾರೆ. ಕೈಗೆ ಸಿಕ್ಕ ನೀರಿನ ಮೀಟರೊಂದನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿದು, ತಳದಲ್ಲಿ ಕೊರೆದ ಅಂಕಿಯನ್ನು ಓದುತ್ತಾರೆ. “ಹದಿನೇಳು” ಎನ್ನುತ್ತಾರೆ. ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನಾನು ಪಟ್ಟಿಯಲ್ಲಿ ಹದಿನೇಳಕ್ಕೆ ಗುರುತು ಹಾಕುತ್ತೇನೆ. ನಾಳೆ ಹತ್ತೂವರೆಗೆ ಸರ್ಕಾರದ ತಜ್ಞರ ತಪಾಸಣೆ.

ಅಂಗಡಿಯ ಮಾಲೀಕ ಮುದಸ್ಸಿರ್ ಟೀ ಲೋಟ ಹಿಡಿದು ನೋಡುತ್ತಾ ನಿಂತಿದ್ದಾರೆ. “ಇಪ್ಪತ್ತು ವರ್ಷ ಆಯ್ತು ಮೇಡಂ ಈ ಧಂದೆಗೆ ಬಂದು. ಕೆಟ್ಟಿದ್ದನ್ನ ವಾಪಸ್ ಕೊಂಡ್ಕೊಳ್ಳೋಕೆ ಬಂದೋರು ನೀವೇ ಫಸ್ಟು.” ಅಲಮೇಲು ನಗುವುದಿಲ್ಲ. ಮತ್ತೆ ಚೀಲಕ್ಕೆ ಕೈ ಹಾಕುತ್ತಾರೆ.

ಅಲಮೇಲು ಅವರ ಕೆಲಸಕ್ಕೆ ಒಂದು ಹೆಸರಿಲ್ಲ. ಸಣ್ಣ ತಂತ್ರಜ್ಞಾನ ಕಂಪನಿಯೊಂದು ಹೊಸದನ್ನು ಕಂಡುಹಿಡಿಯಲು ಮಾಡಿದ ಖರ್ಚಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೇಳಬಹುದು. ಆದರೆ ಅಲ್ಲಿ ನಡೆದದ್ದು ನಿಜವಾದ ಸಂಶೋಧನೆ ಎಂದು ಸರ್ಕಾರದ ತಜ್ಞರು ಮೊದಲು ಒಪ್ಪಬೇಕು. ಖರ್ಚಿನ ಲೆಕ್ಕ ಆಡಿಟರ್ ನೋಡಿಕೊಳ್ಳುತ್ತಾರೆ. ಸಂಶೋಧನೆ ನಡೆದದ್ದಕ್ಕೆ ಸಾಕ್ಷಿ ಜೋಡಿಸುವವರು ಅಲಮೇಲು. ಆ ಸಾಕ್ಷಿಯಲ್ಲಿ ಹೆಚ್ಚಿನದು ಸೋತ ಪ್ರಯೋಗಗಳದ್ದೇ. “ಗೆದ್ದಿದ್ದನ್ನ ಯಾರು ಬೇಕಾದ್ರೂ ತಂದು ಟೇಬಲ್ ಮೇಲೆ ಇಡ್ತಾರೆ ಕಣಮ್ಮ. ಎಷ್ಟು ಸಲ ಕೆಟ್ಟೋಯ್ತು ಅಂತ ತೋರಿಸಿದ್ರೇನೇ ಅವರು ನಂಬೋದು.”

ಇಪ್ಪತ್ತೆರಡು ವರ್ಷ ಅವರು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಪ್ರಯೋಗಾಲಯದ ವರದಿಗಳನ್ನು ಟೈಪ್ ಮಾಡುತ್ತಿದ್ದರು. ಅದು ಮುಚ್ಚಿತು. ಈಗ ಆರು ಪುಟ್ಟ ಕಂಪನಿಗಳಿಗೆ ವಾರಕ್ಕೊಂದು ದಿನದಂತೆ ಹೋಗುತ್ತಾರೆ. ನಾಲ್ಕೂವರೆಗೆ ಏಳುತ್ತಾರೆ, ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸುತ್ತಾರೆ. ಹೋದಲ್ಲೆಲ್ಲ ಅವರ ನಿಯಮ ಒಂದೇ: ಅಂದಿನ ಪ್ರಯೋಗ ಅಂದೇ ರಿಜಿಸ್ಟರಿಗೆ, ಮಾಡಿದವರ ಕೈಬರಹದಲ್ಲೇ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಹಾಳೆ ಹರಿಯಬಾರದು. ಅಲಮೇಲು ಬರೆಯುವಾಗ ಅಂಗೈ ಕೆಳಗೆ ಕರವಸ್ತ್ರ ಇಟ್ಟುಕೊಳ್ಳುತ್ತಾರೆ. ಬೆವರಿಗೆ ಶಾಯಿ ಹರಡುತ್ತದೆ.

ಈ ಬೆವರು ಶುರುವಾದದ್ದು ಎಂಟು ವರ್ಷದ ಹಿಂದೆ. ಒಂದು ಕಂಪನಿಯ ಯಜಮಾನರು ಇಡೀ ವರ್ಷದ ರಿಜಿಸ್ಟರನ್ನು ಒಂದೇ ವಾರದಲ್ಲಿ ಕೂರಿಸಿ ಬರೆಸಿದರು. ಅಲಮೇಲು ಬರೆದರು. ಬಂದ ಅಧಿಕಾರಿ ಪುಟ ತಿರುವುತ್ತಾ, ಜನವರಿಯಿಂದ ಡಿಸೆಂಬರಿನವರೆಗೆ ನಿಮ್ಮ ಪೆನ್ನು ಒಮ್ಮೆಯೂ ಖಾಲಿಯಾಗಲಿಲ್ಲವೇ ಎಂದು ಮೆಲ್ಲಗೆ ಕೇಳಿದರಂತೆ. ದಿನಚರಿ ಬರೆಯುವ ಯಾರಿಗೂ ಇದು ಗೊತ್ತು, ನಿಜವಾದ ದಿನಗಳು ಅಷ್ಟು ನೇರ ಸಾಲಿನಲ್ಲಿ ಬರುವುದಿಲ್ಲ. ಅರ್ಜಿ ಬಿದ್ದುಹೋಯಿತು. ಅಲಮೇಲು ಅವರನ್ನು ಎರಡು ಸಲ ಕರೆಸಿ ಹೇಳಿಕೆ ಬರೆಸಿಕೊಂಡರು. “ಜೈಲಿಗೆ ಹಾಕ್ತಾರೇನೋ ಅಂತ ಒಂದು ಜೊತೆ ಬಟ್ಟೆ ಬ್ಯಾಗಲ್ಲಿ ಇಟ್ಕೊಂಡು ಹೋಗಿದ್ದೆ” ಎನ್ನುತ್ತಾರೆ. ಈಗಲೂ ಮನೆಯ ಕರೆಗಂಟೆ ಬಾರಿಸಿದರೆ ಮೊದಲು ಕಿಟಕಿಯಿಂದ ನೋಡಿ ಆಮೇಲೆ ಬಾಗಿಲು ತೆಗೆಯುತ್ತಾರೆ.

ಮಾಕಳಿಯ ನಿರಂಜನ್ ಅವರದು ಈ ಆರರಲ್ಲಿ ಅತಿ ಚಿಕ್ಕ ಕಂಪನಿ. ಮನೆಯ ಹಿಂದಿನ ಹೊಲದಲ್ಲಿ ಶೆಡ್ ಹಾಕಿ, ಅಪಾರ್ಟ್‌ಮೆಂಟ್‌ಗಳಿಗೆ ಹೊಸ ಬಗೆಯ ನೀರಿನ ಮೀಟರ್ ಮಾಡುತ್ತಿದ್ದಾರೆ. ಪೈಪಿನಲ್ಲಿ ಬರುವ ಗಾಳಿಯನ್ನು ನೀರೆಂದು ಎಣಿಸದ, ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ನಿಂತುಹೋಗದ ಮೀಟರ್. ಎರಡು ವರ್ಷದಲ್ಲಿ ನಲವತ್ತೊಂದು ಸೋತವು, ನಲವತ್ತೆರಡನೆಯದು ಓಡಿತು. ತೆರಿಗೆ ರಿಯಾಯಿತಿ ಸಿಗದಿದ್ದರೆ ಪ್ರಯೋಗದ ಕೋಣೆಯ ನಾಲ್ವರನ್ನು ಮುಂದಿನ ತಿಂಗಳಿಂದ ಇಟ್ಟುಕೊಳ್ಳಲಾಗುವುದಿಲ್ಲ ಎಂದು ನಿರಂಜನ್ ಮೊದಲೇ ಹೇಳಿದ್ದಾರೆ.

ಆ ನಲವತ್ತೊಂದೂ ಒಂದು ಕಪಾಟಿನಲ್ಲಿದ್ದವು. ಆಯುಧ ಪೂಜೆಯ ಹಿಂದಿನ ದಿನ ನಿರಂಜನ್ ತಾಯಿ ಸೊಣ್ಣಮ್ಮ ಶೆಡ್ ತೊಳೆಸಿದರು. ಯಂತ್ರಗಳಿಗೆ ವಿಭೂತಿ, ಬಾಗಿಲಿಗೆ ಬೂದುಗುಂಬಳ. ಕಪಾಟಿನಲ್ಲಿದ್ದುದೆಲ್ಲ ಗುಜರಿ ಗಾಡಿಗೆ. “ಕೆಟ್ಟೋಗಿರೋದ್ನ ಮುಂದಿಟ್ಕಂಡು ಪೂಜೆ ಮಾಡಕ್ಕಾಯ್ತದಾ? ಇಂಗಾಯ್ತದೆ ಅಂತ ನಂಗೇನ್ ಗೊತ್ತು” ಎಂದು ಅವರು ಮಗನ ಮುಖ ನೋಡದೆ ಹೇಳುತ್ತಾರೆ. ಒಂಬತ್ತು ದಿನ ಯಾರೂ ಕಪಾಟು ತೆರೆಯಲಿಲ್ಲ. ನಿನ್ನೆ ಸಂಜೆ ತೆರೆದವರು ಅಲಮೇಲು.

ಗುಜರಿ ಅಂಗಳದಲ್ಲಿ ಎಂಟು ಗಂಟೆಯ ಹೊತ್ತಿಗೆ ಇಪ್ಪತ್ತೊಂಬತ್ತು ಸಿಗುತ್ತವೆ. ಉಳಿದ ಹನ್ನೆರಡು ಹಿತ್ತಾಳೆ ಮೈಯವು, ಮೊನ್ನೆಯೇ ಕರಗಿಸಲು ಹೋಗಿವೆ. ಶೆಡ್ಡಿಗೆ ಬಂದಾಗ ನಿರಂಜನ್ ಧ್ವನಿ ತಗ್ಗಿಸುತ್ತಾರೆ. “ಹನ್ನೆರಡು ತಾನೇ ಮೇಡಂ. ಇವತ್ತೇ ಹೊಸದು ಮಾಡಿ ನಂಬರ್ ಕೊರೆದುಬಿಡೋಣ. ಯಾರಿಗ್ ಗೊತ್ತಾಗುತ್ತೆ?”

ಅಲಮೇಲು ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಕುತ್ತಿಗೆ ಬೆವರಿದೆ. ಪ್ರಯೋಗದ ಕೋಣೆಯ ಆ ನಾಲ್ವರು ಹುಡುಗ ಹುಡುಗಿಯರು ಬಾಗಿಲ ಬಳಿ ನಿಂತು ಇವರನ್ನೇ ನೋಡುತ್ತಿದ್ದಾರೆ. ಅಲಮೇಲು “ನನಗೆ ಗೊತ್ತಾಗುತ್ತೆ ನಿರಂಜನ್” ಎನ್ನುತ್ತಾರೆ. “ಒಂದು ಸಲ ಮಾಡಿದೀನಿ. ಇನ್ನೊಂದ್ ಸಲ ಮಾಡೋ ಧೈರ್ಯ ಇಲ್ಲ ನನಗೆ.”

ರಿಜಿಸ್ಟರ್ ತೆರೆದು, ಅಂದಿನ ದಿನಾಂಕ ಹಾಕಿ, ಕರವಸ್ತ್ರದ ಮೇಲೆ ಅಂಗೈ ಊರಿ ಬರೆಯುತ್ತಾರೆ: ಹಬ್ಬಕ್ಕೆ ಶೆಡ್ ತೊಳೆಯುವಾಗ ನಲವತ್ತೊಂದೂ ಮಾರಾಟವಾದವು, ಇಪ್ಪತ್ತೊಂಬತ್ತು ವಾಪಸ್ ಸಿಕ್ಕಿವೆ, ಹನ್ನೆರಡು ಇಲ್ಲ. ಮುದಸ್ಸಿರ್ ಕೊಟ್ಟ ಚೀಟಿಯನ್ನು ಪಕ್ಕದಲ್ಲಿ ಅಂಟಿಸುತ್ತಾರೆ. ನಿರಂಜನ್ ಹೊರಗೆ ಹೋಗಿಬಿಡುತ್ತಾರೆ.

ಮರುದಿನ ಇಬ್ಬರು ತಜ್ಞರು ಬರುತ್ತಾರೆ. ಹಿರಿಯರು ಆ ಪುಟವನ್ನು ಎರಡು ಸಲ ಓದುತ್ತಾರೆ. ಅವರು ಹದಿನೇಳನೆಯ ಮೀಟರನ್ನು ಬಿಚ್ಚಿಸಿ, ಒಳಗಿನ ಚಕ್ರಕ್ಕೆ ಪದರಪದರವಾಗಿ ಕಟ್ಟಿದ ಬಿಳಿ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾರೆ. ಎಷ್ಟು ತಿಂಗಳು ಓಡಿಸಿದಿರಿ ಎಂದು ಕೇಳುತ್ತಾರೆ. ಐದು ಎಂದು ಒಬ್ಬಳು ಹುಡುಗಿ ಹೇಳುತ್ತಾಳೆ. ಅವರು ರಿಜಿಸ್ಟರಿನಲ್ಲಿ ಅದು ಕೆಟ್ಟ ದಿನದಿಂದ ಐದು ತಿಂಗಳು ಹಿಂದಕ್ಕೆ ಪುಟ ತಿರುವುತ್ತಾರೆ. ಅಲ್ಲಿ ಅವಳದೇ ವಕ್ರ ಅಕ್ಷರ, ಒಂದು ಟೀ ಕಲೆ, ಹದಿನೇಳು ಎಂಬ ಅಂಕಿ. ತೀರ್ಮಾನ ಪತ್ರದಲ್ಲಿ ತಿಳಿಸುತ್ತೇವೆ ಎಂದು ಹೇಳಿ ಅವರು ಹೊರಡುತ್ತಾರೆ. ಅಲಮೇಲು ಇಪ್ಪತ್ತೊಂಬತ್ತನ್ನೂ ಎಣಿಸಿ ಕಪಾಟಿಗೆ ಇಡುತ್ತಾರೆ.

ಐದು ವಾರದ ಬಳಿಕ ನಾನು ಆರ್.ಟಿ. ನಗರದ ಅವರ ಮನೆಯಲ್ಲಿರುವಾಗ ನಿರಂಜನ್ ಕಳಿಸಿದ ಸರ್ಕಾರದ ಪತ್ರ ಅವರ ಮೊಬೈಲಿಗೆ ಬರುತ್ತದೆ. ಅವರು ಅದನ್ನು ತೆರೆಯದೆ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತಾರೆ. ನಾನು ಅಲ್ಲಿಗೇ ಹೋಗಿ ಓದುತ್ತೇನೆ. ಮಾನ್ಯತೆ ಸಿಕ್ಕಿದೆ. ಕಳೆದುಹೋದ ಹನ್ನೆರಡನ್ನು ಲೆಕ್ಕಕ್ಕೆ ಹಿಡಿದಿಲ್ಲ, ಆದರೆ ಉಳಿದಷ್ಟು ರಿಯಾಯಿತಿಗೆ ನಾಲ್ವರೂ ಕೆಲಸದಲ್ಲಿ ಉಳಿಯುತ್ತಾರೆ ಎಂದು ನಿರಂಜನ್ ಕೆಳಗೆ ಬರೆದಿದ್ದಾರೆ.

ಅಲಮೇಲು ಒಲೆ ಆರಿಸಿ, ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತಾರೆ. ಈಗಲಾದರೂ ಭಯ ಹೋಯಿತೇ ಎಂದು ಕೇಳುತ್ತೇನೆ.

“ಎಲ್ಲಿ ಹೋಗುತ್ತೆ? ಬರೋ ವರ್ಷಾನೂ ಆಯುಧ ಪೂಜೆ ಬರುತ್ತಲ್ಲ. ಆ ಇಪ್ಪತ್ತೊಂಬತ್ತಕ್ಕೂ ಕುಂಕುಮ ಇಟ್ಟು ಒಂದೊಂದು ಹೂವು ಮುಡಿಸಿ ಅಂತ ಸೊಣ್ಣಮ್ಮಂಗೆ ಹೇಳಿದೀನಿ. ಆಯ್ತು ಅಂದಿದಾರೆ.” ಸ್ವಲ್ಪ ತಡೆದು ಸೇರಿಸುತ್ತಾರೆ: “ಆದ್ರೂ ಹಿಂದಿನ ದಿನಾನೇ ಹೋಗ್ತೀನಿ ನಾನು. ಎಣಿಸ್ಕೊಂಡ್ ಬರ್ಬೇಕು.”