ಅಪ್ಪ ನಿಲ್ಲಿಸದ ಲ್ಯಾಪ್‌ಟಾಪು

ಅಪ್ಪನ ಲ್ಯಾಪ್‌ಟಾಪು ಮೂರು ವರ್ಷದಿಂದ ಒಂದು ಸಲವೂ ಪೂರ್ತಿ ನಿಂತಿರಲಿಲ್ಲ. ಅದು ನಾನು ಬಳಸಿ ಬಿಟ್ಟ ಹಳೆಯದು. ಕೆಲಸ ಮುಗಿದರೆ ಅಪ್ಪ ಮುಚ್ಚಳ ಮುಚ್ಚಿ, ಮೇಲೊಂದು ಟವೆಲ್ಲು ಹೊದಿಸುತ್ತಿದ್ದ, ಅಷ್ಟೇ. ಈಚೆಗೆ ಅದು ಒಂದು ಪುಟ ತೆರೆಯುವಷ್ಟರಲ್ಲಿ ನಾನು ಕಾಫಿ ಕಾಸಿ, ಸೋಸಿ, ಕುಡಿದೂ ಆಗಿರುತ್ತಿತ್ತು. ನನಗೆ ಮೊದಲೇ ತಾಳ್ಮೆ ಕಡಿಮೆ. ಒಂದು ಭಾನುವಾರ ಮಧ್ಯಾಹ್ನ ಸರಿಮಾಡಿಯೇ ಏಳುತ್ತೇನೆಂದು ಕೂತೆ.

ಮದ್ದೂರಿನ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ಅದ್ನ ಯಾವತ್ತಾರ ಆಫ್ ಮಾಡಿದ್ದೀರಾ ಮೇಡಂ? ಮೊದ್ಲು ಎಲ್ಲಾನೂ ಕ್ಲೋಸ್ ಮಾಡಿ, ಆಫ್ ಮಾಡಿ, ಆನ್ ಮಾಡಿ. ಆಮೇಲೂ ನಿಧಾನ ಅಂದ್ರೆ ತಕಬನ್ನಿ" ಎಂದರು.

ಆಫ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಪ್ಪ ಎದ್ದು ಬಂದ. "ಬ್ಯಾಡ ಕಣವ್ವ. ಓಡೋ ಮಿಷಿನ್ನ ಸುಮ್ಸುಮ್ನೆ ನಿಲ್ಲಿಸ್ಬಾರ್ದು. ನಿಂತದ್ದು ಮತ್ತೆ ಏಳ್ದೆ ಓದ್ರೆ?"

ಅಪ್ಪ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಮಿಷಿನ್ನು ಕಾಯುತ್ತಿದ್ದವನು. ಗಂಟೆಗೊಮ್ಮೆ ಸುತ್ತು ಹಾಕಿ, ಸದ್ದು ಸರಿ, ಬಿಸಿ ಸರಿ ಎಂದು ಪುಸ್ತಕದಲ್ಲಿ ಬರೆದಿಡುವುದು ಅವನ ಕೆಲಸ. ಅಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದ ನನ್ನ ನಿದ್ದೆಯ ಅಡಿಯಲ್ಲಿ ಆ ಗುಂಯ್ ಸದ್ದು ಸದಾ ಹರಿಯುತ್ತಿತ್ತು. ಈಗ ಮಳವಳ್ಳಿಯ ಮನೆಯಲ್ಲಿ ಲ್ಯಾಪ್‌ಟಾಪಿನ ಫ್ಯಾನು ಸಣ್ಣಗೆ ಅದೇ ಸ್ವರ ಹಿಡಿದಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ನನ್ನ ವಯಸ್ಸೆಷ್ಟು ಎಂಬುದೇ ಸ್ವಲ್ಪ ಹೊತ್ತು ಮರೆತುಹೋಯಿತು.

ಆದರೆ ಪರದೆ ಮತ್ತೆ ಅಲ್ಲಾಡದೆ ನಿಂತಿತು. ಬಟನ್ನು ಅದುಮಿ ಹಿಡಿದು ಒಂದೇ ಏಟಿಗೆ ಆರಿಸಿಬಿಡಲು ಬೆರಳಿಟ್ಟೂ ಆಗಿತ್ತು. ಅಷ್ಟರಲ್ಲಿ ಅದು ತಾನಾಗೇ ಮನಸ್ಸು ಮಾಡಿ ಅಲುಗಿತು. ಅಪ್ಪ ತೆರೆದಿಟ್ಟದ್ದನ್ನು ಒಂದೊಂದಾಗಿ ಮುಚ್ಚುತ್ತಾ ಹೋದೆ. ಪಂಚಾಂಗ, ಹವಾಮಾನ, ಮೊಣಕಾಲು ನೋವಿನ ಎಣ್ಣೆ. ಎಲ್ಲದರ ಅಡಿಯಲ್ಲಿ ಹೆಸರಿಲ್ಲದ, ಸೇವ್ ಮಾಡದ ಒಂದು ಬಿಳಿ ಪುಟವಿತ್ತು.

"6: ಮಲಗಿದ್ದಾಳೆ. ಉಸಿರು ಸರಿ. 7: ಎದ್ದಳು. ಅರ್ಧ ಲೋಟ ಗಂಜಿ. 8: ಕಾಲಿನ ಬಾವು ಇಳಿದಿದೆ."

ಮೂರು ವರ್ಷದ ಹಿಂದೆ ಹೃದಯದ ಆಪರೇಷನ್ ಆಗಿ ಅವ್ವ ಮನೆಗೆ ಬಂದ ದಿನ ಶುರುವಾದ ಬರಹ. ಕೆಳಗೆ ಸರಿಸಿದಷ್ಟೂ ಅವ್ವ. ಕೊನೆಯ ಸಾಲು ಅವತ್ತೇ ಮಧ್ಯಾಹ್ನ ಎರಡು ಗಂಟೆಯದು. ನನ್ನ ಸಿಡುಕಿಗೆ ಮೂರು ವರ್ಷ ಅಳಿಸಿಹೋಗುತ್ತಿತ್ತು. ಎರಡೆರಡು ಸಲ ಸೇವ್ ಮಾಡಿ, ಪೆನ್‌ಡ್ರೈವಿಗೂ ಹಾಕಿದೆ.

"ಎಲ್ಲಾ ಭದ್ರವಾಗಿ ಅದೆ ಅಪ್ಪ, ಈಗ ಆಫ್ ಮಾಡ್ಲಾ?"

ಅಪ್ಪ ತಲೆ ತಗ್ಗಿಸಿದ. "ಅವ್ಳು ಬಂದ್ ದಿನ ಆನ್ ಮಾಡಿದ್ದು ಕಣವ್ವ. ಅವತ್ತಿಂದ ನಿಲ್ಸಕ್ಕೇ ಭಯ."

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆಯೆತ್ತಿದಳು. "ಅದು ನಿಂತ್ರೆ ನಾನೂ ನಿಂತೋಯ್ತೀನಾ? ಚೆನ್ನಾಗದೆ ನಿಮ್ಮಪ್ಪನ ಬುದ್ಧಿ. ನಿಲ್ಸು ಬುಡವ್ವ ಅತ್ಲಾಗೆ!"

ನಿಲ್ಲಿಸಿದೆ. ಪರದೆ ಕಪ್ಪಾಯಿತು, ಫ್ಯಾನು ಸುಮ್ಮನಾಯಿತು. ಅಪ್ಪ ಹೋಗಿ ಅವ್ವನ ಪಕ್ಕ ಕೂತು ಅವಳ ಮಣಿಕಟ್ಟು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಸ್ವಲ್ಪ ತಡೆದು ಮತ್ತೆ ಬಟನ್ ಒತ್ತಿದೆ. ಒಲೆ ಹಚ್ಚುವಷ್ಟು ಹೊತ್ತೂ ಹಿಡಿಯದೆ ಪರದೆ ಬೆಳಗಿತು. ಬಿಳಿ ಪುಟವೂ ತಟ್ಟನೆ ತೆರೆಯಿತು.

ಲ್ಯಾಪ್‌ಟಾಪನ್ನು ಅಪ್ಪನ ಮುಂದಿಟ್ಟೆ. ಅವ್ವನ ಕೈ ಬಿಡದೆಯೇ, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ.

"3: ಎದ್ದಿದ್ದಾಳೆ. ಬೈಯುತ್ತಿದ್ದಾಳೆ. ಸರಿ."